ವಜ್ರಕಾಯನ ವಕೀಲ

ಅಮರಗೋಳದ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಸವಾಲು, ಅಂದರೆ ಹರಾಜು, ಕೂಗುವವರಿಗೇನೂ ಕಡಿಮೆ ಇರಲಿಲ್ಲ. ಆದರೆ ಶಂಭುಲಿಂಗ ಕೂಗಲು ನಿಂತನೆಂದರೆ ಗೇಟಿನ ಹೊರಗೆ ಚಹಾ ಕುಡಿಯುತ್ತಿದ್ದ ಹಮಾಲರೂ ಲೋಟ ಕೆಳಗಿಟ್ಟು ಕಿವಿಗೊಡುತ್ತಿದ್ದರು. ಘಾಟಿಗೆ ಉಳಿದವರೆಲ್ಲ ಕೆಮ್ಮುತ್ತಿದ್ದರೆ ಅವನ ಗಂಟಲು ಇನ್ನಷ್ಟು ತೆರೆದುಕೊಳ್ಳುತ್ತಿತ್ತು. ಯಾವ ರೈತನ ಮಾಲನ್ನೂ ಅವನು ಕೂಗದೆ ಬಿಟ್ಟವನಲ್ಲ. ಮಳೆಗೆ ನೆನೆದು ಕಪ್ಪಾದ ಚೀಲಕ್ಕೂ ಎರಡು ಒಳ್ಳೆಯ ಮಾತು ಹುಡುಕಿ, ಯಾರದಾದರೂ ಕೈ ಮೇಲೇಳುವವರೆಗೆ ಬಿಡುತ್ತಿರಲಿಲ್ಲ.

ಅಂಥ ಗಂಟಲಿನಲ್ಲೇ ಗಂಟು ಬೆಳೆಯಿತು. ಸತ್ತೂರಿನ ಆಸ್ಪತ್ರೆಯಲ್ಲಿ ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು, ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಮಾತಾಡಲೆಂದು ಟಾರ್ಚಿನಂಥ ಒಂದು ಯಂತ್ರ ಕೊಟ್ಟರು. ಅದನ್ನು ಕುತ್ತಿಗೆಗೆ ಒತ್ತಿ ಹಿಡಿದು ಬಾಯಿ ಆಡಿಸಿದರೆ ಮಾತು ಬರುತ್ತಿತ್ತು, ಆದರೆ ಏರಿಳಿತವಿಲ್ಲದ, ತಗಡು ಗುಂಯ್‌ಗುಟ್ಟಿದಂಥ ಮಾತು. ಮನೆಗೆ ಬಂದ ದಿನ ಹೆಂಡತಿಯನ್ನು "ದಾಕ್ಷಾಯಿಣಿ" ಎಂದು ಕರೆದ. ಅವಳು ಓಡಿ ಬಂದಳು, ಕಣ್ಣೊರೆಸಿಕೊಂಡಳು, ನಕ್ಕಳು. ಅಷ್ಟಕ್ಕೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಮಾರನೆಯ ದಿನ ಹಳೆಯ ವ್ಯಾಪಾರಿಯೊಬ್ಬ ಫೋನ್ ಮಾಡಿದ. ಶಂಭುಲಿಂಗ "ಹಲೋ" ಎಂದದ್ದೇ ತಡ, ಆ ಕಡೆಯಿಂದ "ಏ, ಕಂಪ್ಯೂಟರ್ ಮಾತಾಡಾಕತ್ತೈತಲೇ" ಎಂಬ ನಗು ಕೇಳಿಸಿ ಫೋನು ಕಟ್ಟಾಯಿತು. ಅಂದೇ ಯಂತ್ರ ಕಪಾಟು ಸೇರಿತು. ಮಾರುಕಟ್ಟೆ ಬಿಟ್ಟ. ಅಲ್ಲಿದ್ದ ದಲಾಲಿ ಅಂಗಡಿಯನ್ನು ತಮ್ಮನಿಗೆ ವಹಿಸಿದ. ಅನ್ನ ಬೇಕಾದರೂ, ನೀರು ಬೇಕಾದರೂ ಕೈಸನ್ನೆ.

ಮಗಳು ಉಮಾಶ್ರೀ ಲಕಮನಹಳ್ಳಿಯ ಕಾರ್ಖಾನೆಯೊಂದರಲ್ಲಿ ಯಂತ್ರದ ಭಾಗಗಳ ನಕ್ಷೆ ಬರೆಯುವವಳು. ಅವಳಿಗೂ ಗೆಳತಿ ಫಿಜಾಗೂ ಒಂದು ಸಿನಿಮಾದ ಹುಚ್ಚು. ಸಮುದ್ರದ ತಳದಿಂದ ಗುಡ್ಡದಂಥ ರಾಕ್ಷಸ ಪ್ರಾಣಿಗಳು ಎದ್ದು ಬರುತ್ತವೆ, ಅವನ್ನು ತಡೆಯಲು ಮನುಷ್ಯರು ಮೂರು ದೈತ್ಯ ರೋಬೋಗಳನ್ನು ಕಟ್ಟುತ್ತಾರೆ. ಕನ್ನಡಕ್ಕೆ ಇಳಿಸಿದವರು ಅವಕ್ಕೆ ಚೆಂದದ ಹೆಸರಿಟ್ಟಿದ್ದರು. ಹಾರಾಡುವುದು ಬೆಳ್ಳಿಗರುಡ, ಹತ್ತು ಕೈಯಲ್ಲಿ ಕತ್ತಿ ಹಿಡಿದದ್ದು ದಶಖಡ್ಗ, ಭಾರವಾಗಿ ಹೆಜ್ಜೆ ಹಾಕುವುದು ವಜ್ರಕಾಯ. ಭಾನುವಾರ ಬಂತೆಂದರೆ ಫಿಜಾ ಬರುವಳು, ಟಿವಿ ಹಚ್ಚುವರು, ಯಾವ ರೋಬೋ ಹೆಚ್ಚು ಎಂದು ಇಬ್ಬರೂ ಜಗಳಕ್ಕಿಳಿಯುವರು. ಮೊದಮೊದಲು ಶಂಭುಲಿಂಗ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಆಮೇಲೆ ಎದ್ದು ಕೂತ. ಬರಬರುತ್ತಾ ಕುರ್ಚಿಯನ್ನೇ ಟಿವಿಯ ಮುಂದೆ ಎಳೆದುಕೊಂಡ.

ಒಂದು ದಿನ ಉಮಾಶ್ರೀ, "ವಜ್ರಕಾಯ ಸುಮ್ನ ದಂಡ, ಬರೀ ಹೊಡತ ತಿಂತೈತಿ" ಅಂದಾಗ ಅವನು ಕುರ್ಚಿಯ ತೋಳಿಗೆ ಪಟ್ಟನೆ ಬಡಿದ.

"ಏನಪ್ಪಾ? ನಿನಗ ವಜ್ರಕಾಯ ಪಸಂದ ಏನು?"

ಅವನು ಮುಖ ತಿರುಗಿಸಿದ. ಆದರೆ ಮಗಳು ನೋಡಬೇಕಾದ್ದನ್ನು ನೋಡಿಯಾಗಿತ್ತು.

ಸಿನಿಮಾ ಮತ್ತೆ ಥಿಯೇಟರಿಗೆ ಬರುವ ಸುದ್ದಿ ಹಬ್ಬಿದಾಗ ಅಭಿಮಾನಿಗಳು ವಿದ್ಯಾನಗರದ ಟ್ಯೂಷನ್ ಕ್ಲಾಸೊಂದರ ಮಹಡಿಯ ಮೇಲೆ ವಾದಕ್ಕೆ ಸೇರಿದರು. ಗೆದ್ದ ರೋಬೋದ ದೊಡ್ಡ ಚಿತ್ರವನ್ನು ಥಿಯೇಟರಿನ ಎದುರು ಕಟ್ಟುವುದೆಂದು ಮಾತಾಗಿತ್ತು. ಉಮಾಶ್ರೀ ಅಪ್ಪನನ್ನೂ ಹೊರಡಿಸಿದಳು. "ಮಾತಾಡೂದು ಬ್ಯಾಡ, ಸುಮ್ನ ಕೇಳಾಕ ಬಾ" ಅಂದಳು. ಹೊರಡುವಾಗ ದಾಕ್ಷಾಯಿಣಿ ಕಪಾಟಿನಿಂದ ಯಂತ್ರ ತೆಗೆದು ಅವನ ಜುಬ್ಬಾದ ಜೇಬಿಗೆ ಇಳಿಸಿದಳು. "ಇರ್ಲಿ ತಗೋರಿ. ಜೇಬಿನ್ಯಾಗ ಇದ್ರ ಏನ್ ಕಚ್ಚೂದಿಲ್ಲ."

ಮಹಡಿಯ ಹಾಲ್ ಕಿಕ್ಕಿರಿದಿತ್ತು. ಕಾಲೇಜಿನವರು, ಬ್ಯಾಂಕಿನವರು, ಮಕ್ಕಳನ್ನು ಕಟ್ಟಿಕೊಂಡು ಬಂದ ಅಪ್ಪಂದಿರು. ಶಂಭುಲಿಂಗ, ಉಸಿರಾಡಲೆಂದು ವೈದ್ಯರು ಮಾಡಿದ್ದ ಕುತ್ತಿಗೆಯ ರಂಧ್ರದ ಮೇಲಿನ ಬಟ್ಟೆ ಸರಿಮಾಡಿಕೊಂಡು ಕಿಟಕಿಯ ಪಕ್ಕ ಕೂತ. ವಾದ ನಡೆಸುವವಳು ಫಿಜಾ. ಉಮಾಶ್ರೀ ಗರುಡನ ಪರ ನಿಂತು ಚಪ್ಪಾಳೆ ಗಿಟ್ಟಿಸಿದಳು. ಕಲ್ಲೇಶ ಎಂಬ ಗಟ್ಟಿ ಮೈಯ ಯುವಕ ದಶಖಡ್ಗದ ಪರ ಮೇಜು ಕುಟ್ಟಿ ಮಾತಾಡಿದ.

"ಇನ್ನ ವಜ್ರಕಾಯ. ಯಾರರ ಅದೀರೇನ್ರಿ?" ಎಂದು ಫಿಜಾ ಕೇಳಿದಳು.

ಯಾರೂ ಏಳಲಿಲ್ಲ. ಒಂದಿಬ್ಬರು ನಕ್ಕರು. "ಬಿಡ್ರಿ ಅದನ್ನ, ಇಬ್ಬರೊಳಗ ಮುಗಸೂಣು" ಎಂದ ಕಲ್ಲೇಶ.

ಶಂಭುಲಿಂಗ ಕೂತಲ್ಲೇ ಮುಂದಕ್ಕೆ ಬಾಗಿದ. ಒಂದು ಕೂಗೂ ಇಲ್ಲದೆ ಮಾಲನ್ನು ಬದಿಗೆ ಸರಿಸುವುದೇ? ಅವನ ಕಣ್ಣೆದುರು ಎಂದೂ ಹಾಗಾದದ್ದಿಲ್ಲ. ತಾನು ಎದ್ದು ನಿಂತದ್ದು ಅವನಿಗೆ ತಿಳಿದದ್ದೇ ಯಂತ್ರ ಕೈಗೆ ಬಂದ ಮೇಲೆ.

"ನಾ ಅದೀನಿ" ಎಂದ.

ತಗಡಿನ ದನಿ ಗೋಡೆಗೆ ಬಡಿದು ಬಂತು. ಎಲ್ಲರೂ ತಿರುಗಿದರು. ಹಿಂದಿನ ಸಾಲಿನಿಂದ ಯಾರೋ "ಏ, ರೋಬೋನ ಬಂತಲೇ!" ಎಂದುಬಿಟ್ಟರು.

ಉಮಾಶ್ರೀಯ ಮುಖ ಬಿಳಿಚಿತು. ಶಂಭುಲಿಂಗನ ಕೈ ಕುತ್ತಿಗೆಯಿಂದ ಜಾರಿತು. ಬಾಗಿಲು ಹತ್ತಿರವೇ ಇತ್ತು, ಇಳಿದು ಹೋಗಿಬಿಡಬಹುದಿತ್ತು. ಅವನು ಮಾತು ಬಂದ ದಿಕ್ಕಿಗೆ ತಿರುಗಿ ನಿಂತ, ಯಂತ್ರವನ್ನು ಮತ್ತೆ ಒತ್ತಿ ಹಿಡಿದ.

"ಹೌದಪಾ, ರೋಬೋನ. ಇಲ್ಲಿ ಕುಂತವರೊಳಗ ಖರೇ ರೋಬೋ ನಾನೊಬ್ಬನ. ರೋಬೋಗಳ ವಿಷಯ ನನ್ನ ಬಿಟ್ಟು ಯಾರನ್ನ ಕೇಳ್ತೀರಿ?"

ಇಡೀ ಹಾಲ್ ಸಿಡಿಯಿತು. ನಗು, ಸಿಳ್ಳೆ, ಬೆಂಚು ಬಡಿಯುವ ಸದ್ದು. ಅಣಕಿಸಿದವನೇ ಎದ್ದು ಕೈಮುಗಿದು, "ಕಾಕಾ, ತಪ್ಪಾತ್ರಿ, ಹೇಳ್ರಿ" ಎಂದ.

"ಕುಸ್ತಿ ನೋಡೀರೇನು?" ಶಂಭುಲಿಂಗ ಶುರುಮಾಡಿದ. ಒಂದೇ ಮಟ್ಟದ ಆ ದನಿಯಲ್ಲಿ ಏರಿಳಿತ ತರಲಾಗದು. ಅದಕ್ಕೆ ಅವನು ಮಾತನ್ನು ಕಡಿದು ಕಡಿದು, ನಡುವೆ ತಡೆದು, ಹುಬ್ಬು ಕೈ ಆಡಿಸಿ ಹೇಳುತ್ತಿದ್ದ. "ಜಿಗಿದಾಡಾವ ಪೈಲ್ವಾನ ಅಲ್ಲ. ಮಣ್ಣಾಗ ಕಾಲ ಊರಿ ನಿಂತಾವ ಪೈಲ್ವಾನ. ರಾಕ್ಷಸ ಬಂದಾಗ ವಜ್ರಕಾಯ ಊರಿಗೆ ಬೆನ್ನ ಕೊಟ್ಟು ನಿಂತಾನ. ಮೊಣಕಾಲ ಕಡದೈತಿ, ಕದಲಿಲ್ಲ. ತೋಳ ಕಿತ್ತೈತಿ, ಕದಲಿಲ್ಲ."

"ಆದ್ರ ಅಪ್ಪಾ," ಉಮಾಶ್ರೀ ಬಿಡಲಿಲ್ಲ, "ರಾಕ್ಷಸನ್ನ ಕೊಂದದ್ದು ಗರುಡಲ್ಲೇನು?"

"ಯಾವಾಗ ಕೊಂದೈತಿ? ವಜ್ರಕಾಯ ಅದರ ಕುತಿಗಿ ಹಿಡದಾಗ! ಹಿಡದಾವ ಒಬ್ಬ, ಹೊಡದಾವ ಒಬ್ಬ. ಹಾರ ಯಾರಿಗೆ ಹಾಕಿದ್ರಿ?"

"ಕತ್ತಿ ಇಲ್ಲಲ್ರಿ ಅದಕ್ಕ?" ಎಂದ ಕಲ್ಲೇಶ.

"ಹತ್ತ ಕತ್ತಿ ಇದ್ದಾವ ಹತ್ತೂ ಕಡೆ ನೋಡ್ತಾನ. ಬರೀಗೈಯಾವ ಎದುರಿಗೆ ನೋಡ್ತಾನ."

ಕಲ್ಲೇಶ ನಕ್ಕುಬಿಟ್ಟ. ಶಂಭುಲಿಂಗನಿಗೆ ಮೈಯೆಲ್ಲ ಬಿಸಿಯೇರಿತ್ತು. ಕಾಲಡಿ ಮೆಣಸಿನಕಾಯಿ ರಾಶಿಯೇ ಇದೆಯೇನೋ ಎಂಬಂತೆ ಬೆಂಚು ಹತ್ತಿ ನಿಂತ.

"ಈಗ ಸವಾಲ್ರಿ! ರೊಕ್ಕ ಬ್ಯಾಡ, ಕೈ ಎತ್ರಿ. ವಜ್ರಕಾಯ ಒಂದ್ ಸಲ!"

ಕೈಗಳು ಎದ್ದವು.

"ವಜ್ರಕಾಯ ಎರಡ್ ಸಲ!"

ಇನ್ನಷ್ಟು ಎದ್ದವು. ಮೂರನೆಯದಕ್ಕೆ ಬಾಯಿ ತೆರೆದ. ಯಂತ್ರ ಕುಂಯ್ ಎಂದು ಸತ್ತಿತು; ಎಷ್ಟೋ ದಿನ ಕಪಾಟಿನಲ್ಲಿದ್ದ ಬ್ಯಾಟರಿ ಮುಗಿದಿತ್ತು. ಅವನು ಅಂಜಲಿಲ್ಲ. ಯಂತ್ರವನ್ನು ಜೇಬಿಗೆ ಹಾಕಿ, ಮೂರು ಬೆರಳು ಮೇಲೆತ್ತಿದ. ಇಡೀ ಹಾಲ್ ಒಂದೇ ಗಂಟಲಾಗಿ "ಮೂರ್ ಸಲ!" ಎಂದು ಕೂಗಿತು. ಕೈ ಎತ್ತಿದವರಲ್ಲಿ ಉಮಾಶ್ರೀಯೂ ಇದ್ದಳು.

ಆ ವಾರ ಥಿಯೇಟರಿನ ಎದುರು ಮೂರಾಳೆತ್ತರದ ವಜ್ರಕಾಯ ನಿಂತ. ಮೊದಲ ಆಟಕ್ಕೆ ಶಂಭುಲಿಂಗ ಹೆಂಡತಿಯನ್ನೂ ಕರೆದೊಯ್ದ. ರಾಕ್ಷಸನ ಕುತ್ತಿಗೆ ಹಿಡಿಯುವ ದೃಶ್ಯ ಬಂದಾಗ ಕತ್ತಲಲ್ಲಿ ಆ ಗುಂಯ್‌ಗುಡುವ ದನಿ "ಹಿಡೀ! ಬಿಡಬ್ಯಾಡ!" ಎಂದಿತು, ಮೇಲಿನ ಬಾಲ್ಕನಿಯವರೆಗೂ ಜನ ಕೇಕೆ ಹಾಕಿದರು. ಸುದ್ದಿ ಅಮರಗೋಳಕ್ಕೂ ಮುಟ್ಟಿತು. ಶಂಭುಲಿಂಗ ಅಂಗಡಿಗೆ ಹೋಗತೊಡಗಿದ. ಫೋನು ಬಂದರೆ ತಾನೇ ಎತ್ತಿದ.

ಸ್ವಲ್ಪ ದಿನಕ್ಕೆ ಸತ್ತೂರಿನ ವೈದ್ಯರು ಅವನನ್ನು ಕರೆಸಿಕೊಂಡರು. ಗೌಸಸಾಬ ಎಂಬ ಲಾರಿ ಚಾಲಕನಿಗೆ ಅದೇ ಶಸ್ತ್ರಚಿಕಿತ್ಸೆ ಆಗಿತ್ತು. ಯಂತ್ರ ಕೊಟ್ಟರೆ ಅವನು ಮುಟ್ಟುತ್ತಲೇ ಇರಲಿಲ್ಲ. ಶಂಭುಲಿಂಗ ಮಂಚದ ಪಕ್ಕ ಕೂತು ಧೈರ್ಯದ ಮಾತೇನೂ ಆಡಲಿಲ್ಲ. ಮೊಬೈಲಿನಲ್ಲಿ ಸಿನಿಮಾ ಹಚ್ಚಿದ. ಇಬ್ಬರೂ ಕೊನೆಯವರೆಗೆ ನೋಡಿದರು.

"ನೋಡಿದೆಲ್ಲ?" ಎಂದ ಆಮೇಲೆ. "ವಜ್ರಕಾಯನ ಎಲ್ಲಾರಕ್ಕಿಂತ ಮ್ಯಾಲ. ಎರಡನೇ ಮಾತಿಲ್ಲ."

ಗೌಸಸಾಬ ಹುಬ್ಬು ಗಂಟಿಕ್ಕಿ ಜೋರಾಗಿ ತಲೆ ಅಲ್ಲಾಡಿಸಿದ. ಬೆರಳಿನಿಂದ ಮೇಲೆ ಹಾರುವ ಸನ್ನೆ ಮಾಡಿದ.

"ತಿಳೀಲಿಲ್ಲ. ಬಾಯಿಲೆ ಹೇಳು" ಎಂದು ಶಂಭುಲಿಂಗ ಆ ಕಡೆ ಮುಖ ಮಾಡಿ ಕೂತ.

ಬೆನ್ನ ಹಿಂದೆ ಯಂತ್ರದ ಗುಂಡಿ ಒತ್ತಿದ ಸದ್ದು, ಒಂದು ತಡವರಿಸುವ ಗುಂಯ್, ಅದರೊಳಗಿಂದ ಒಡೆದು ಬಂದ ಮಾತು:

"ಗ... ಗರುಡ!"

ನರ್ಸು ಓಡಿ ಬಂದಾಗ ವಾರ್ಡಿನಲ್ಲಿ ಎರಡು ತಗಡಿನ ದನಿಗಳು ಒಂದರ ಮೇಲೊಂದು ಬಿದ್ದು ಜಗಳಾಡುತ್ತಿದ್ದವು.