ಅಕ್ಕನ ಕೊಬ್ಬು, ಕುಲ್ಫಿಯ ಉಪ್ಪು

ನಮ್ಮಕ್ಕನ ಮೈಯಲ್ಲಿ ಕೊಬ್ಬು ಅಂತ ಇದ್ದದ್ದೇ ಒಂಚೂರು. ಸ್ಟವ್ ಸಿಡಿದು ಸುಟ್ಟ ಅವಳ ಬಲಗೈ ಮೊಣಕೈಯಲ್ಲಿ ಮಡಚಿ ಬಿಗಿದುಹೋಗಿತ್ತು. ಹೊಟ್ಟೆಯ ಕೊಬ್ಬಿನಿಂದ ಕಾಂಡಕೋಶ, ಅಂದರೆ ಸ್ಟೆಮ್ ಸೆಲ್, ತೆಗೆದು, ತೆಳು ಜಾಲರಿಯ ಮೇಲೆ ಬೆಳೆಸಿ, ಬಿಗಿದ ಚರ್ಮ ಬಿಡಿಸಿದ ಜಾಗಕ್ಕೆ ಹೊದಿಸುವ ಪ್ರಯೋಗ ಹೈದರಾಬಾದಿನ ನಮ್ಮ ಲ್ಯಾಬಿನಲ್ಲಿ ನಡೆದಿತ್ತು. ಕತ್ತರಿ ಕಂಡರೇ ನಡುಗುವ ಅಕ್ಕ, ನಾನು ಹೇಳಿದೆ ಅಂತ ಒಪ್ಪಿದ್ದಳು. ಜಹೀರಾಬಾದಿನ ಡಾಕ್ಟರು ಅವಳ ಹೊಟ್ಟೆಯಿಂದ ತೆಗೆದ ಕೊಬ್ಬಿನ ಬಾಟಲಿ ನನ್ನ ಕೈಗಿಟ್ಟು, "ಹುಷಾರ್ ಒಯ್ಯಿರಿ. ಇನ್ನೊಮ್ಮಿ ಕೊಯ್ದ್ರ ಇಷ್ಟು ಸಿಗಂಗಿಲ್ಲ" ಅಂದರು.

ತೆಲಂಗಾಣ ಚಳವಳಿಯ ಕಾಲ. ಊರು ದಾಟುವಷ್ಟರಲ್ಲಿ ಜೀಪು ನಿಂತಿತು. ಚಳವಳಿಗಾರರು ಹೆದ್ದಾರಿಯ ನಡುವೆಯೇ ಒಲೆ ಹೂಡಿ ಅನ್ನ ಬೇಯಿಸುತ್ತಿದ್ದರು. ಅದೇ ಅವರ ಹೋರಾಟ. ಎಲ್ಲರ ಊಟ ಆಗುವ ತನಕ ಗಾಡಿ ಬಿಡುವುದಿಲ್ಲವಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಜೀಪಿನೊಳಗೆ ಬಿಸಿಲು ಕುದಿಯುತ್ತಿತ್ತು. ಬಟ್ಟೆ ಸುತ್ತಿದ ಬಾಟಲಿ ಇದ್ದ ಐಸ್ ಡಬ್ಬಿಯನ್ನು ಬೇವಿನ ನೆರಳಲ್ಲಿದ್ದ ಕುಲ್ಫಿ ಕಾಕಾನ ಬಂಡಿಯ ಬಳಿ ಇಟ್ಟು, "ಕಾಕಾ, ಇದು ಬಿಸಿ ಆಗಬಾರ್ದು ನೋಡ್ರಿ, ನಮ್ಮಕ್ಕನ ಕೈ ಇದ್ರಾಗೇ ಅದ" ಅಂದೆ. ಮುಂದಾಳನ್ನು ಹುಡುಕಿಕೊಂಡು ಓಡಿದೆ. ಕೈಮುಗಿದೆ, ಜಗಳವಾಡಿದೆ. ಆತ ನನ್ನ ಗುರುತಿನ ಚೀಟಿ ನೋಡಿ, ಡಾಕ್ಟರಿಗೆ ಫೋನ್ ಹಚ್ಚಿ ಕೇಳಿ, ಕೊನೆಗೆ, "ಹೋಗ್ರಿ ತಾಯಿ, ಬಿಡ್ತೀವಿ" ಅನ್ನುವಷ್ಟರಲ್ಲಿ ಅನ್ನ ಬೆಂದೇ ಹೋಗಿತ್ತು.

ಕಾಕಾ ಹಲ್ಲು ಕಿರಿದು ಡಬ್ಬಿ ಮುಂದೆ ತಳ್ಳಿದ. "ನಿನ್ನ ಐಸ್ ನೀರಾಗಿತ್ತವ್ವ. ಅರಿವಿ ಬಿಚ್ಚಿ ಒಗದು, ನನ್ನ ಐಸ್ ತುಂಬೀನಿ. ಕುಲ್ಫಿಗೆ ಹಾಕ್ದಂಗ ಉಪ್ಪೂ ಹಾಕೀನಿ."

ಉಪ್ಪು! ಅಯ್ಯೋ ಶಿವನೇ! ಉಪ್ಪು ಬಿದ್ದ ಐಸು ಕುಲ್ಫಿಯನ್ನೇ ಕಲ್ಲು ಮಾಡುತ್ತದೆ. ಕೊಬ್ಬು ತಂಪಾಗಿರಬೇಕು ನಿಜ, ಹೆಪ್ಪುಗಟ್ಟಿದರೆ ಕೋಶಗಳು ಒಡೆದು ಸಾಯುತ್ತವೆ. ಕೈ ಹಾಕಿ ಬಾಟಲಿ ಎಳೆದೆ. ಅಲ್ಲಾಡಿಸಿದೆ. ಒಳಗೆ ಏನೂ ಅಲುಗಲಿಲ್ಲ.

ಬಾಯಿಗೆ ಬಂದಂತೆ ಬೈದೆ. ಮುದುಕ ಉಪ್ಪಿನ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಲೇ ಇದ್ದ. "ಚಲೋ ಆಗ್ಲಿ ಅಂತ ಮಾಡ್ದೆ ಬೇಟಿ" ಅಂದ.

ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿ, ಕೊಬ್ಬು ಹಾಳಾದದ್ದು ಹೇಳಿದೆ.

"ಮತ್ತ ಕೊಯ್ತಾರೇನ?" ಅಂದಳು.

"ಕೊಯ್ಯಾಕ ಮೈಯಾಗ ಎಲ್ಲದ ಅಕ್ಕ?"

"ತುಪ್ಪ ಹಾಕ್ಕೊಂಡು ಉಣ್ತೀನಿ. ಒಂದೀಟು ಮೈ ತುಂಬಿದ ಮ್ಯಾಲ ಬಾ."