ಬೆನ್ನ ಮೇಲೊಂದು ಕೈ

ನನ್ನ ಭಾವ ಗೆರ್ನೋಟ್ ಹೋಮಾನ್ ಹೆಂಚು ಹೊದಿಸುವ ಕೆಲಸದವನು. ನಮ್ಮೂರು ಪೊಪ್ಪೆನ್‌ಹೌಸೆನ್ನಿನ ಅರ್ಧ ಭಾಗದ ಮಾಡುಗಳ ಮೇಲೆ ಓಡಾಡಿದ್ದಾನೆ. ಹೆಂಚು ಜೋಡಿಸಿದ್ದಕ್ಕಿಂತ ವಾಸರ್‌ಕುಪ್ಪೆ ಗುಡ್ಡದಿಂದ ಏಳುವ ಗ್ಲೈಡರ್ ವಿಮಾನಗಳನ್ನು ಬಾಯಿಬಿಟ್ಟು ನೋಡುತ್ತ ಕೂತಿದ್ದೇ ಹೆಚ್ಚು ಎಂದು ಅವನಿಂದ ಕೆಲಸ ಮಾಡಿಸಿಕೊಂಡವರು ಈಗಲೂ ಆಡಿಕೊಳ್ಳುತ್ತಾರೆ. ಅವನು ಹೊದಿಸಿದ ಮಾಡು ಸೋರಿತು ಎಂದು ಮಾತ್ರ ಯಾರೂ ಹೇಳಿದ್ದಿಲ್ಲ. ನಿಜವಾದ ಗ್ಲೈಡರ್‌ನಲ್ಲಿ ಅವನು ಕೂತದ್ದು ಒಂದೇ ಸಲ. ಇಳಿದವನೇ ಹೊಟ್ಟೆಯಲ್ಲಿದ್ದುದನ್ನೆಲ್ಲ ಹುಲ್ಲಿನ ಮೇಲೆ ಕಾರಿಕೊಂಡ. ಆಮೇಲೆ ನೆಲದ ಮೇಲೆ ನಿಂತುಕೊಂಡೇ, ರೇಡಿಯೊದಿಂದ ಮಾದರಿ ವಿಮಾನ ಹಾರಿಸುವ ಹುಚ್ಚು ಹಿಡಿಯಿತು.

ಸಣ್ಣಪುಟ್ಟ ಹುಚ್ಚಲ್ಲ. ಅಜ್ಜಂದಿರ ಕಾಲದ ಒಂದು ಮರದ ಗ್ಲೈಡರನ್ನು, ನಿಜವಾದದ್ದರ ಅರ್ಧದಷ್ಟು ಗಾತ್ರದಲ್ಲಿ, ಕೈಯಾರೆ ಕಟ್ಟಿದ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಎರಡು ಕಾರು ಒಂದರ ಹಿಂದೊಂದು ನಿಲ್ಲಿಸಬಹುದು, ಅಷ್ಟು ಉದ್ದ. ಎಳೆಯ ಮಗುವಿನ ಪಕ್ಕೆಲುಬಿನ ಹಾಗೆ ತೆಳ್ಳಗಿನ ಪಟ್ಟಿಗಳನ್ನು ಒಂದೊಂದೇ ಬಗ್ಗಿಸಿ ಅಂಟಿಸುತ್ತ ಏಳು ಚಳಿಗಾಲ ಕಳೆದ. ಅಂಟು ಒಣಗುವುದಕ್ಕೆ ಬೆಚ್ಚಗಿರಬೇಕೆಂದು ಎಡರೆಕ್ಕೆಯನ್ನು ಮಲಗುವ ಕೋಣೆಗೇ ತಂದು ನೇತುಹಾಕಿದ್ದ. ನನ್ನ ಅಕ್ಕ ರೋಸ್ವಿತಾ ಅದರ ಕೆಳಗೆ ಬಗ್ಗಿ ಬಗ್ಗಿ ಮಂಚ ಹತ್ತಬೇಕಿತ್ತು.

"ಬಿಟ್ಟು ಬಂದ್ಬಿಡೇ ಅವನನ್ನ," ಎಂದೆ ನಾನು.

"ಅಂಟು ಒಣಗ್ಲಿ, ಆಮೇಲೆ ನೋಡೋಣ," ಎಂದಳು.

ಇಂಥ ಗ್ಲೈಡರ್‌ಗೆ ಎಂಜಿನ್ ಇರುವುದಿಲ್ಲ. ಪೆಟ್ರೋಲ್ ಎಂಜಿನ್ನಿನ ಇನ್ನೊಂದು ಪುಟ್ಟ ವಿಮಾನ ಹಗ್ಗ ಕಟ್ಟಿ ಮೇಲಕ್ಕೆ ಎಳೆದುಕೊಂಡು ಹೋಗಬೇಕು. ನಮ್ಮೂರಿನ ಮಾದರಿ ವಿಮಾನಗಳ ಕ್ಲಬ್ಬಿನಲ್ಲಿ ಆ ಕೆಲಸ ಎಕ್‌ಹಾರ್ಟ್‌ನದು. ಅಂಚೆ ಹಂಚಿ ನಿವೃತ್ತನಾದವನು, ಭಾನುವಾರಗಳಂದು ಮೈದಾನದ ಮೇಲ್ವಿಚಾರಣೆಯೂ ಅವನದೇ. ಅವನು ಬೇಡವೆಂದರೆ ಯಾರ ವಿಮಾನವೂ ಏಳುವಂತಿಲ್ಲ. ಅವನಿಗೂ ಭಾವನಿಗೂ ಮೂವತ್ತು ವರ್ಷದಿಂದ ಒಂದೇ ಜಗಳ. ನೆಲದಿಂದ ವಿಮಾನ ನಡೆಸುವ ರೇಡಿಯೊ ಪೆಟ್ಟಿಗೆಯಲ್ಲಿ ಎರಡು ಕಡ್ಡಿಗಳಿರುತ್ತವೆ. ವಿಮಾನದ ಮೂಗು ಏರಿಸಿ ಇಳಿಸುವ ಕಡ್ಡಿ ಭಾವನಿಗೆ ಬಲಗೈಯಲ್ಲಿ, ಎಕ್‌ಹಾರ್ಟ್‌ನಿಗೆ ಎಡಗೈಯಲ್ಲಿ. ಒಬ್ಬರ ಪೆಟ್ಟಿಗೆಯನ್ನು ಇನ್ನೊಬ್ಬರು ಮುಟ್ಟಿದರೆ ವಿಮಾನ ನೆಲಕ್ಕೆ ಬಿದ್ದ ಹಾಗೆಯೇ.

"ನಿನ್ನಂಥೋರು ಸೂಪ್‌ನೂ ಫೋರ್ಕಲ್ಲಿ ಕುಡೀತೀರಿ," ಎನ್ನುತ್ತಿದ್ದ ಎಕ್‌ಹಾರ್ಟ್.

"ನೀನು ಹಂಚಿದ ಕಾಗ್ದ ಎಲ್ಲಾ ಪಕ್ಕದ್ಮನೆಗೆ ಹೋಗ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಯ್ತು," ಎನ್ನುತ್ತಿದ್ದ ಭಾವ.

ಗ್ಲೈಡರ್ ಮುಗಿದು ಎರಡು ಬೇಸಿಗೆ ಚೆನ್ನಾಗಿ ಹಾರಿತು. ಮೂರನೆಯ ವಸಂತಕ್ಕೆ ಭಾವನ ಕಣ್ಣು ಕೈಕೊಟ್ಟಿತು. ಸುತ್ತಲಿನದೆಲ್ಲ ಕಾಣುತ್ತದೆ, ನೇರ ದಿಟ್ಟಿಸಿದ ಕಡೆ ಮಾತ್ರ ಒಂದು ಬೂದು ಕಲೆ. ಊಟ ಮಾಡುತ್ತಾನೆ, ಮೊಳೆ ಹೊಡೆಯುತ್ತಾನೆ, ಆಕಾಶದಲ್ಲಿ ವಿಮಾನ ಯಾವ ಕಡೆ ವಾಲಿದೆ ಎಂದು ಮಾತ್ರ ತಿಳಿಯದು. ಫುಲ್ಡಾದ ಡಾಕ್ಟರು ಹೋದ ದೃಷ್ಟಿ ವಾಪಸು ಬರುವುದಿಲ್ಲ ಎಂದರು. ಅಕ್ಕ ಅತ್ತಳು. ಭಾವ ಅಳಲಿಲ್ಲ, "ಎಕ್‌ಹಾರ್ಟ್‌ಗೆ ಗೊತ್ತಾಗ್ಬಾರ್ದು," ಎಂದ ಅಷ್ಟೆ. ಗೊತ್ತಾದ ದಿನವೇ ಹಾರಾಟ ಮುಗಿಯುತ್ತದೆ.

ಗಂಡಹೆಂಡತಿ ಸೇರಿ ಒಂದು ಉಪಾಯ ಕಂಡುಕೊಂಡರು. ಅವನು ಹಾರಿಸುವಾಗ ಅಕ್ಕ ಹಿಂದೆ ನಿಂತು ಬೆನ್ನ ಮೇಲೆ ಕೈಯಿಡುವುದು. ಬಲಭುಜ ಒತ್ತಿದರೆ ಬಲಕ್ಕೆ, ಎಡಭುಜ ಒತ್ತಿದರೆ ಎಡಕ್ಕೆ, ಬೆನ್ನುಮೂಳೆಯ ಮೇಲೆ ಸವರಿದರೆ ಮೂಗು ಮೇಲಕ್ಕೆ. ನೋಡಿದವರು, ಈ ವಯಸ್ಸಲ್ಲೂ ಎಂಥ ಪ್ರೀತಿ ಎಂದು ನಗುತ್ತಿದ್ದರು. ವಿಷಯ ಗೊತ್ತಿದ್ದದ್ದು ನನಗೊಬ್ಬಳಿಗೆ. ಇದು ಹುಚ್ಚಾಟ, ಜನರಿರುವ ಕಡೆ ಇಷ್ಟು ಭಾರದ್ದನ್ನು ಹೀಗೆ ಹಾರಿಸುವುದು ತಪ್ಪು ಎಂದು ಅಕ್ಕನ ಜತೆ ಕಚ್ಚಾಡಿದೆ. "ಇದೂ ಹೋದ್ರೆ ಅವನಿಗೆ ಇನ್ನೇನಿದೆ ಹೇಳು," ಎಂದಳು. ನಾನೂ ಯಾರಿಗೂ ಹೇಳಲಿಲ್ಲ. ಹೀಗೆಯೇ ಮೂರು ಸಲ ಹಾರಿಸಿ ಇಳಿಸಿದರು.

ನಾಲ್ಕನೆಯದು ಆಗಸ್ಟಿನ ಭಾನುವಾರ. ದೊಡ್ಡ ಗ್ಲೈಡರ್‌ಗಳ ಕೂಟ, ಎಲ್ಲೆಲ್ಲಿಂದಲೋ ಜನ. ಇಳಿಜಾರಿನ ಹುಲ್ಲಿನ ಮೇಲೆ ಕಂಬಳಿ ಹಾಸಿಕೊಂಡು ಸಂಸಾರಗಳು ಕೂತಿದ್ದವು. ನಾನು ಮೈದಾನದ ಅಂಚಿನಲ್ಲಿ ಪ್ಲಮ್ ಕೇಕು ಕೊಯ್ಯುತ್ತಿದ್ದೆ. ಬಿಸಿಲಿತ್ತು, ಆದರೆ ಹಾಲು ಕದಡಿದಂಥ ಮಂಜು ಬಾನಿನ ತುಂಬ.

ಎಕ್‌ಹಾರ್ಟ್ ಮತ್ತು ಭಾವ ಭುಜಕ್ಕೆ ಭುಜ ತಾಗಿಸಿ ನಿಂತರು, ಅಕ್ಕ ಭಾವನ ಬೆನ್ನ ಹಿಂದೆ. ಎಳೆಯುವವನೂ ಎಳೆಸಿಕೊಳ್ಳುವವನೂ ಹಾಗೆ ನಿಂತು ಮಾತಾಡಿಕೊಂಡೇ ಏರಿಸಬೇಕು. ಹಗ್ಗ ಬಿಗಿಯಾಯಿತು, ಗ್ಲೈಡರ್ ಹುಲ್ಲು ಸವರಿಕೊಂಡು ಎದ್ದಿತು. ಸಾಕಷ್ಟು ಮೇಲೇರಿದ ಮೇಲೆ ಭಾವ ಹಗ್ಗ ಕಳಚಿದ. ಎಕ್‌ಹಾರ್ಟ್ ತನ್ನ ವಿಮಾನ ಇಳಿಸಿ, ಪೆಟ್ಟಿಗೆ ಕೆಳಗಿಟ್ಟು, ನನ್ನ ಹತ್ತಿರ ಕೇಕು ತಿನ್ನಲು ಬಂದ.

ಆಗ ಮೇಲೆ ಇನ್ನೊಂದು ಗ್ಲೈಡರ್ ಇತ್ತು. ಯಾರೋ ಪರ ಊರಿನವನದು, ಭಾವನದರ ಹಾಗೆಯೇ ಕೆನೆಬಣ್ಣ, ಹಾಗೆಯೇ ಬಾಗಿದ ರೆಕ್ಕೆ. ಬಿಸಿಗಾಳಿ ಮೇಲೇಳುವ ಒಂದೇ ಜಾಗದಲ್ಲಿ ಎರಡೂ ಸುತ್ತುತ್ತಿದ್ದವು. ಅಕ್ಕ ಸೂರ್ಯನ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು, ಒಮ್ಮೆ ರೆಪ್ಪೆ ಬಡಿದಳು. ಮತ್ತೆ ಕಣ್ಣು ನೆಟ್ಟದ್ದು ಬೇರೆಯವನ ಗ್ಲೈಡರ್ ಮೇಲೆ.

ಅದು ಎಡಕ್ಕೆ ವಾಲಿತ್ತು. ಅಕ್ಕ ಬಲಭುಜ ಒತ್ತಿದಳು. ಭಾವ ಬಲಕ್ಕೆ ಕೊಟ್ಟ. ಅವಳು ನೋಡುತ್ತಿದ್ದದ್ದು ಎಡಕ್ಕೇ ಇತ್ತು. ಇನ್ನೂ ಜೋರಾಗಿ ಒತ್ತಿದಳು. ಅವನು ಇನ್ನೂ ಕೊಟ್ಟ. ಅವನ ಗ್ಲೈಡರ್ ಬಲಕ್ಕೆ ಮಗುಚಿ, ಮೂಗು ಕೆಳಗೆ ಮಾಡಿ, ಸುತ್ತುತ್ತ ಇಳಿಜಾರಿನ ಜನರತ್ತ ಬೀಳತೊಡಗಿತು.

ಮೊದಲು ಸದ್ದು ಬಂತು. ವೇಗ ಏರಿದ ಹಾಗೆ ಅದು ಊಳಿಡುತ್ತದೆ.

"ರೋಸ್ವಿತಾ, ಅದು ನಮ್ದು," ಎಂದ ಭಾವ. "ಕೂಗ್ತಿರೋದು ನಮ್ದೇ. ನೀನು ಯಾವ್ದನ್ನ ನೋಡ್ತಿದೀಯ?"

ಅಕ್ಕನ ಕೈ ಅವನ ಬೆನ್ನಿನಿಂದ ಜಾರಿತು.

ಆಗ ಭಾವ ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದ: "ಎಕ್‌ಹಾರ್ಟ್, ಬಾ ಇಲ್ಲಿ. ನಂಗೆ ಕಾಣ್ತಿಲ್ಲ. ನಂಗೆ ಕಣ್ಣು ಕಾಣಲ್ಲ ಕಣೋ."

ನಾಲ್ಕು ತಿಂಗಳು ಬಚ್ಚಿಟ್ಟದ್ದು ಒಂದೇ ಉಸಿರಿಗೆ ಹೊರಬಿತ್ತು. ಎಕ್‌ಹಾರ್ಟ್ ಕೇಕಿನ ತಟ್ಟೆ ಬಿಸಾಡಿ ಓಡಿದ, ಓಡುತ್ತಲೇ ಭಾವನ ಪೆಟ್ಟಿಗೆಗೆ ಕೈ ಚಾಚಿದ.

"ಮುಟ್ಬೇಡ. ನಿನ್ನ ಕೈಗೆ ಉಲ್ಟಾ ಆಗುತ್ತೆ. ನೀನು ಹೇಳು, ನಾನು ಮಾಡ್ತೀನಿ."

"ಎಡಕ್ಕೆ ಕೊಡು. ಇನ್ನೂ ಕೊಡು. ಇನ್ನೂ."

ನಾನು ಚಾಕು ಕೈಯಲ್ಲಿ ಹಿಡಿದೇ ಇಳಿಜಾರಿನತ್ತ ಓಡುತ್ತ, "ಏಳಿ, ಓಡಿ, ಕಂಬಳಿ ಬಿಡಿ," ಎಂದು ಕಿರುಚುತ್ತಿದ್ದೆ. ಜನ ಗ್ಲೈಡರಿಗಿಂತ ನನಗೇ ಹೆದರಿ ಎದ್ದರೇನೋ. ತಲೆಯ ಮೇಲೆ ಊಳು ಬೆಳೆಯುತ್ತಲೇ ಇತ್ತು.

"ಸಾಕು, ನೆಟ್ಟಗಾಯ್ತು," ಎಂದ ಎಕ್‌ಹಾರ್ಟ್. "ಈಗ ಎಳಿ. ಮೆಲ್ಲಗೆ, ಗೆರ್ನೋಟ್, ಮೆಲ್ಲಗೆ. ಒಮ್ಮೆಗೇ ಎಳೆದ್ರೆ ರೆಕ್ಕೆ ಕಿತ್ಕೊಂಡ್ಹೋಗುತ್ತೆ."

ಜೀವವೇ ಹೋಗುವ ಹೊತ್ತಿನಲ್ಲಿ ಮೆಲ್ಲಗೆ ಎಳೆಯುವುದು ಎಂಥ ಕಷ್ಟ ಎಂದು ಭಾವನ ಮುಖ ನೋಡಿದ್ದ ಅಕ್ಕ ಆಮೇಲೆ ಹೇಳಿದಳು. ತುಟಿ ಕಚ್ಚಿ ರಕ್ತ ಬಂದಿತ್ತಂತೆ. ರೆಕ್ಕೆಗಳು ಬಿಲ್ಲಿನ ಹಾಗೆ ಬಾಗಿದವು, ಮರ ಲಟಲಟ ಎಂದದ್ದು ನೆಲಕ್ಕೆ ಕೇಳಿಸಿತು. ಮುರಿಯಲಿಲ್ಲ. ಕಂಬಳಿಗಳ ಮೇಲೆ, ಫರ್ ಮರಗಳ ನೆತ್ತಿಯಷ್ಟೇ ಎತ್ತರದಲ್ಲಿ ಅದು ಹಾದುಹೋಗಿ ಮತ್ತೆ ಏರಿತು. ನಾನು ವಾಪಸು ಭಾವನ ಕಡೆಗೆ ಓಡಿದೆ.

ಎಕ್‌ಹಾರ್ಟ್‌ನ ದನಿ ಈಗ ಗಟ್ಟಿಯಾಯಿತು. "ಎಷ್ಟು ದಿನದಿಂದ?"

"ಏಪ್ರಿಲ್‌ನಿಂದ."

"ಕತ್ತೆ. ಮಕ್ಕಳಿದ್ರಲ್ಲೋ ಅಲ್ಲಿ."

"ಗೊತ್ತು."

"ಇಳಿದ ಮೇಲೆ ಪೆಟ್ಟಿಗೆ ನನ್ನ ಕೈಗೆ ಕೊಡ್ತೀಯ. ಮತ್ತೆ ಯಾವತ್ತೂ ಕೇಳೋ ಹಾಗಿಲ್ಲ."

"ಕೊಡ್ತೀನಿ. ಮೊದ್ಲು ಇಳಿಸು."

ಜನರಿಂದ ದೂರವಿರಲಿ ಎಂದು ಎಕ್‌ಹಾರ್ಟ್ ಅದನ್ನು ಮೈದಾನದ ಆಚೆ ತುದಿಗೆ ಕರೆದೊಯ್ದ. ಎಲ್ಲರೂ ತಮ್ಮ ತಮ್ಮ ವಿಮಾನ ಇಳಿಸಿ ಅದನ್ನೇ ನೋಡುತ್ತ ನಿಂತಿದ್ದರು. ಅವನ ಮಾತೊಂದೇ ಕೇಳುತ್ತಿತ್ತು. ಸ್ವಲ್ಪ ಬಲ. ನೇರ. ರೆಕ್ಕೆಯ ಬ್ರೇಕು ಅರ್ಧ ತೆಗಿ. ಬೇಲಿ ದಾಟಿತು. ಮೂಗು ಚೂರು ಮೇಲೆ. ಹಿಡ್ಕೋ. ಹಾಗೇ ಹಿಡ್ಕೋ.

ಹುಲ್ಲಿನ ಮೇಲೆ ಅದು ಉದ್ದಕ್ಕೆ ಜಾರಿ, ನಿಂತು, ಒಂದು ರೆಕ್ಕೆಯನ್ನು ನಿಧಾನವಾಗಿ ನೆಲಕ್ಕೆ ಊರಿತು.

"ಇಳೀತು," ಎಂದ ಎಕ್‌ಹಾರ್ಟ್. "ಏನೂ ಆಗಿಲ್ಲ."

ಭಾವ ಕಡ್ಡಿ ಬಿಡಲಿಲ್ಲ. ಬಲಗೈ ಇನ್ನೂ ಎಳೆದು ಹಿಡಿದೇ ಇತ್ತು. ಅಷ್ಟು ದೂರದ್ದು ಅವನಿಗೆ ಕಾಣದು, ನಂಬಿಕೆ ಬರಲಿಲ್ಲವೇನೋ ಎಂದು ನಾನು ಹತ್ತಿರ ಹೋಗಿ, "ಭಾವ, ಹುಲ್ಲಿನ ಮೇಲಿದೆ, ನಾನೂ ನೋಡ್ತಿದೀನಿ," ಎಂದೆ.

"ಗೊತ್ತು ಕಣೆ. ಚೂರು ಹೊತ್ತು ಇರ್ಲಿ."

ಅವನ ಬೆರಳುಗಳು ಮತ್ತೆ ಕಡ್ಡಿ ಆಡಿಸಿದವು, ಮುಂದಕ್ಕೆ, ಹಿಂದಕ್ಕೆ. ಮೈದಾನದ ಆಚೆ ತುದಿಯಲ್ಲಿ ನಿಂತ ಗ್ಲೈಡರ್‌ನ ಬಾಲದ ಪಟ್ಟಿ ಕೆಳಗೆ ಹೋಯಿತು, ಮೇಲೆ ಬಂತು.

"ಬಾಲ ಆಡ್ತಿದೆಯಾ?" ಎಂದು ಕೇಳಿದ ಭಾವ.

ಪೆಟ್ಟಿಗೆ ತೆಗೆದುಕೊಳ್ಳಲೆಂದು ಚಾಚಿದ್ದ ಕೈಯನ್ನು ಎಕ್‌ಹಾರ್ಟ್ ಹಿಂದಕ್ಕೆ ಎಳೆದುಕೊಂಡ.

"ಆಡ್ತಿದೆ," ಎಂದ.