ನನ್ನ ‘ಈ’ಗೆ ಬಾಲ ಬಂದದ್ದು

ನಾನು ಬದುಕಿನಲ್ಲಿ ಸರಿಯಾಗಿ ಬರೆದ ಮೊದಲ ಅಕ್ಷರದ ಮೇಲೆ ನಮ್ಮ ಮನೆಯವರೆಲ್ಲ ಇಪ್ಪತ್ತೈದು ವರ್ಷ ಸ್ನಾನ ಮಾಡಿದ್ದಾರೆ. ಇದರಲ್ಲಿ ಅವರ ತಪ್ಪಿಲ್ಲ. ಅದು ಅಕ್ಷರ ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ.

ನನ್ನ ಹೆಸರು ಈರಮ್ಮ. ಶಹಾಬಾದಿನ ಕಲ್ಲಿನ ಖಣಿಯಲ್ಲಿ ಫರಸಿ ಹೊತ್ತು ಬದುಕಿದವಳು. ಫರಸಿ ಎಂದರೆ ನೆಲಕ್ಕೆ ಹಾಸುವ ಬೂದುಬಣ್ಣದ ಚಪ್ಪಡಿ. ನಿಮ್ಮ ಕಾಲ ಕೆಳಗೂ ಇದ್ದೀತು, ನೋಡಿಕೊಳ್ಳಿ. ನಲವತ್ತು ದಾಟಿದ ಮೇಲೆ ನಮ್ಮ ಓಣಿಗೆ ಅಕ್ಷರ ಕಲಿಸಲು ಒಬ್ಬ ಟೀಚರಮ್ಮ ಬಂದರು. ಮೊದಲು ಅವರವರ ಹೆಸರಿನ ಮೊದಲ ಅಕ್ಷರ. ಪಕ್ಕದ ಮನೆಯ ಗಂಗಮ್ಮನಿಗೆ ಸುಲಭದ ‘ಗ’ ಬಂತು. ನನ್ನ ಪಾಲಿಗೆ ‘ಈ’. ತಲೆಯ ಮೇಲೆ ಕೊಕ್ಕೆ, ನಡುವೆ ಅಡ್ಡಗೀಟು, ಕೆಳಗೆ ಹೊಟ್ಟೆ. ಒಂದು ಸದ್ದಿಗೆ ಇಷ್ಟೆಲ್ಲ ಯಾಕೆ ಬೇಕು ಎಂದು ಜಗಳ ತೆಗೆದೆ. ಆಗ ಟೀಚರಮ್ಮ ಒಂದು ಮಾತು ಹೇಳಿದರು: ನಿನ್ನ ಅಕ್ಷರ ಒಂಟಿಯಾಗಿ ನಿಂತರೂ ಮಾತಾಗುತ್ತದೆ. ಈ ಮನೆ, ಈ ಕಲ್ಲು. ಗಂಗಮ್ಮನ ‘ಗ’ ಒಂಟಿಯಾಗಿ ನಿಂತರೆ ಏನೂ ಅಲ್ಲ. ನನಗೆ ಅಷ್ಟು ಸಾಕಾಯಿತು.

ಒಂದು ದಿನ ಖಣಿಯಲ್ಲಿ ಬುತ್ತಿ ಉಂಡ ಮೇಲೆ ಉಳಿ ತೆಗೆದುಕೊಂಡು ಒಂದು ಒಡಕು ಫರಸಿಯ ಮೇಲೆ ‘ಈ’ ಕೊರೆದೆ. ಪೂರ್ತಿ ಹೆಸರು ಕೊರೆಯುವ ಹುರುಪಿತ್ತು. ‘ರ’ ಶುರುವಾಗುವುದರೊಳಗೆ ಕೆಲಸ ಮಾಡಿಸುವ ಮುಕಾದಮ ಬಂದ, ಎದ್ದೆ. ಒಡಕು ಕಲ್ಲಾದ್ದರಿಂದ ಮನೆಗೆ ಒಯ್ಯಲು ಬಿಟ್ಟರು. ನನ್ನ ಗಂಡ ಅದನ್ನು ಬಚ್ಚಲಿಗೆ ಹಾಸಿದ, ತಲೆಕೆಳಗಾಗಿ. ಅವನಿಗೆ ಓದು ಬರುತ್ತಿರಲಿಲ್ಲ. ತಪ್ಪು ತೋರಿಸಿದರೆ ಅದನ್ನೇ ಎತ್ತಿ ಆಡಿದಂತೆ. ನಾನು ನೋಡುವ ಹೊತ್ತಿಗೆ ಸಿಮೆಂಟೂ ಒಣಗಿತ್ತು. ಅದರ ಮೇಲೇ ಕೂತು ಸ್ನಾನ ಮಾಡಿದೆ.

ಮೊಮ್ಮಗಳು ಸುಜಾತಾ ಚಿತ್ತಾಪುರದ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಭಾನುವಾರ ಡ್ರಮ್ ಬಾರಿಸುತ್ತಾಳೆ. ವಾರವಿಡೀ ಮಕ್ಕಳ ಮೇಲೆ ಕೈ ಎತ್ತದವಳು ಎಲ್ಲೋ ಒಂದು ಕಡೆ ಬಡಿಯಲೇಬೇಕಲ್ಲ. ತಾವು ರಾಕ್ ಬ್ಯಾಂಡಿನವರು ಎಂದು ಮೊದಲ ಸಲ ಹೇಳಿದಾಗ ನಾನು ಕೇಳಿದ್ದೆ: “ರಾಖ್ ಅಂದ್ರ ಬೂದಿ ಅಲ್ಲೇನ? ಬೂದಿ ಬ್ಯಾಂಡಿಗಿ ಯಾವ ಮದುವ್ಯಾಗ ಕರೀತಾರ?”

“ರಾಕ್ ಅಂದ್ರ ಕಲ್ಲು, ಆಯಿ.”

“ಕಲ್ಲಿಂದ ತಪ್ಪಿಸ್ಕೊಳ್ಳಲಿ ಅಂತ ನಿಮ್ಮವ್ವಗ ಸಾಲಿ ಕಲಿಸ್ದೆ. ನೀ ಮತ್ತ ಕಲ್ಲಿಗೇ ಬಂದಿ.”

ಈಚೆಗೆ ಒಂದು ಸಂಜೆ ಬಂದು, “ಆಯಿ, ನಮ್ದೇ ಲೇಬಲ್ ಮಾಡ್ಲಿಕತ್ತೀವಿ” ಎಂದಳು.

“ಯಾವ ಔಷಧಕ್ಕ?”

“ಔಷಧಕ್ಕಲ್ಲ, ಹಾಡಿಗಿ.”

“ಹಾಡಿಗಿ ಚೀಟಿ ಯಾಕ? ಕೇಳಿದ್ರ ತಿಳೀತದಲ್ಲ ಕೆಟ್ಟದ್ದಂತ.”

ಆಗ ಬಿಡಿಸಿ ಹೇಳಿದಳು. ಹಾಡನ್ನು ಹಿಂದಿನ ಕಾಲದಂತೆ ಪ್ಲೇಟಿನಲ್ಲಿ ತರುತ್ತಾರಂತೆ. ಅದನ್ನು ಹೊರಡಿಸುವ ಕಂಪನಿ ಇವರದೇ, ಅದರ ಹೆಸರು ಕಲ್ಲುಬಾಕ. ಕಂಪನಿಗೊಂದು ಗುರುತು ಬೇಕು. ಅದಕ್ಕೆ ಲೋಗೋ ಎನ್ನುತ್ತಾರೆ. ಪ್ಲೇಟಿನ ನಡುವೆ ಅಂಟಿಸಲು ಅಚ್ಚಾಗಿ ಬಂದ ಚೀಟಿಯನ್ನು ನನ್ನ ಕೈಗಿಟ್ಟಳು. ಕನ್ನಡಕ ಏರಿಸಿ ನೋಡಿದರೆ, ನಮ್ಮ ಬಚ್ಚಲಿನ ‘ಈ’! ತಲೆಕೆಳಗಾಗಿ ಕೂತಿದೆ. ಹೊಟ್ಟೆ ಡುಬ್ಬವಾಗಿದೆ, ಕೊಕ್ಕೆ ಕಾಲಾಗಿದೆ. ಸಾಲದ್ದಕ್ಕೆ ಯಾರೋ ಬಾಲ ಹಚ್ಚಿದ್ದಾರೆ.

ಬಾಲ ಹಚ್ಚಿದವನು ಚಿಂಚೋಳಿ ಕಡೆಯ ನರಸಿಂಹಲು. ಬ್ಯಾಂಡಿನಲ್ಲಿ ಗಿಟಾರು ಅವನದು, ಮಾತೂ ಅವನದೇ. ಕಥೆಯನ್ನೂ ಅವನೇ ಬರೆದಿದ್ದ: ಮಳಖೇಡದ ಕೋಟೆ ಕಟ್ಟುವಾಗ ಕಲ್ಲುಬಾಕ ಎಂಬ ಮೃಗ ದಿನಾ ಬಂದು ಗೋಡೆ ತಿಂದು, ಕಾಗಿಣಾ ನದಿಯಲ್ಲಿ ಬಾಯಿ ತೊಳೆದು ಹೋಗುತ್ತಿತ್ತಂತೆ. ಕಲ್ಲು ಹೊರುವ ಒಬ್ಬ ಹೆಂಗಸು ಹಾಡಿ ಅದನ್ನು ಕಲ್ಲಿನೊಳಗೆ ಮಲಗಿಸಿದಳಂತೆ. ಇವರು ಜೋರಾಗಿ ಬಾರಿಸುವುದು ಅದನ್ನು ಎಬ್ಬಿಸಲಿಕ್ಕಂತೆ.

ಕಥೆ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ದೇವರಿಗೆ ಇಲಿ, ನವಿಲು, ಕೋಣ ವಾಹನವಾದದ್ದೂ ಹೀಗೇ ಇರಬೇಕು. ಯಾರೋ ಏನೋ ಕೆತ್ತಲು ಹೋಗಿ ಕೈ ತಪ್ಪಿದ್ದಾರೆ; ನರಸಿಂಹಲುವಿನಂಥವನು ಅಲ್ಲೇ ನಿಂತಿದ್ದಾನೆ. ಗುರುತು ಎಂಬುದು ಮೊದಲು ನಮ್ಮಂಥವರ ಸಲುವಾಗಿಯೇ ಹುಟ್ಟಿದ್ದು. ಬೀಡಿ ಕಟ್ಟಾಗಲಿ, ಬೆಂಕಿಪೊಟ್ಟಣವಾಗಲಿ, ಓಟಿನ ಯಂತ್ರವಾಗಲಿ, ನಾನು ಚಿತ್ರ ನೋಡಿಯೇ ಬದುಕಿದವಳು. ಚಿತ್ರ ಬಿಟ್ಟು ಅಕ್ಷರಕ್ಕೆ ಬರಲು ನನಗೆ ನಲವತ್ತು ವರ್ಷ ಹಿಡಿಯಿತು. ಓದಿದ ಈ ಮಕ್ಕಳು ನನ್ನ ಅಕ್ಷರವನ್ನು ವಾಪಸ್ಸು ಚಿತ್ರ ಮಾಡಿ ಇಟ್ಟರು.

“ಭಾನುವಾರ ಸೇಡಂದಾಗ ಪ್ಲೇಟು ಬಿಡುಗಡಿ ಮಾಡ್ತೀವಿ” ಎಂದಳು ಸುಜಾತಾ. “ನೀ ಸ್ಟೇಜಿನ ಮ್ಯಾಲ ಒಂದೇ ಮಾತು ಹೇಳು. ನಮ್ಮ ಮುತ್ಯಾಗೋಳು ಈ ಪ್ರಾಣಿ ನೋಡ್ಯಾರ ಅಂತ.”

“ಪ್ರಾಣಿ ಅಲ್ಲದು. ನನ್ನ ‘ಈ’. ನಾನೇ ಕೊರದೀನಿ.”

ಅವಳು ಚೀಟಿಯನ್ನು ತಿರುಗಿಸಿ ಹಿಡಿದು ನೋಡಿದಳು.

“ಅಕ್ಷರ ಅಂತ ಒಂದು ಮಾತು ಹೇಳ್ಬಾರ್ದೇನ ಆಯಿ?”

“ನೀ ಬಿ.ಎಡ್. ಮಾಡೀದಿ. ನಾ ಹೇಳ್ಬೇಕೇನ?”

ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. “ಸಣ್ಣಾಕಿ ಇದ್ದಾಗ ನೀ ನನ್ನ ತಲಿಗಿ ನೀರು ಹಾಕ್ತಿದ್ದಿ. ಸಬಕಾರ ಕಣ್ಣಾಗ ಹೋಗಿ ನಾ ಅಳ್ತಿದ್ದೆ. ಕಾಲಾಗ ಇದು ಕುಂತಿರ್ತಿತ್ತು. ನೀರೆಲ್ಲ ಇದೇ ಕುಡೀತದ ಅಂತ ತಿಳ್ದಿದ್ದೆ. ಕಲ್ಲುಬಾಕ ಅಂತ ಹೆಸರಿಟ್ಟಾಕಿ ನಾನೇ, ನರಸಿಂಹಲು ಅಲ್ಲ. ಈಗ ನೀ ಹಿಂಗಂದ್ರ ಮಂದಿ ನಗ್ತಾರ. ಎಲ್ಲಾ ಛಾಪಿಸಿ ಆಗ್ಯದ.”

ಇದು ನನಗೆ ಗೊತ್ತಿರಲಿಲ್ಲ. ಅವಳ ಮೂರು ವರ್ಷದ ಭಾನುವಾರಗಳೆಲ್ಲ ಆ ಪ್ಲೇಟಿನಲ್ಲಿದ್ದವು. ನನ್ನದೆಂದು ಹೇಳಿಕೊಳ್ಳಲು ಇದ್ದದ್ದು ಅದೊಂದು ಅಕ್ಷರ. ಯಾರು ಬಿಟ್ಟುಕೊಡಬೇಕು? ನಾನಂತೂ ಬಿಟ್ಟುಕೊಡುವ ಪೈಕಿ ಅಲ್ಲ. ಅವಳೂ ನನ್ನ ಮೊಮ್ಮಗಳೇ.

ಭಾನುವಾರ ಸೇಡಂನ ಮಂಗಲ ಕಾರ್ಯಾಲಯ ಬೆಳಿಗ್ಗೆಯೇ ತುಂಬಿತ್ತು. ಮೇಜಿನ ಮೇಲೆ ಪ್ಲೇಟು ತಿರುಗಿಸುವ ಯಂತ್ರ. ನರಸಿಂಹಲು ಕಥೆಯನ್ನೆಲ್ಲ ಹೇಳಿ, “ಈಗ ನಮ್ಮ ಆಯಿ ಹೇಳ್ತಾರ ಕೇಳ್ರಿ” ಎಂದು ಮೈಕು ನನ್ನ ಕೈಗೆ ಕೊಟ್ಟ. ಸುಜಾತಾಳ ಮುಖ ನೋಡಿ, ಸುಳ್ಳನ್ನೇ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಬರಲಿಲ್ಲ.

“ಇದು ಪ್ರಾಣಿ ಅಲ್ರೀ. ನನ್ನ ಹೆಸರಿನ ‘ಈ’. ನನ್ನ ಗಂಡ ತಲಿಕೆಳಗ ಹಾಸ್ಯಾನ. ಬಾಲ ಈ ಹುಡುಗಂದು.”

ಹಿಂದಿನಿಂದ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. “ಕತಿ ಪೂರಾ ಖತಂ” ಎಂದು ನರಸಿಂಹಲು ಹಣೆ ಹಿಡಿದುಕೊಂಡ. ಸುಜಾತಾ ತಲೆ ಎತ್ತಲಿಲ್ಲ. ಆ ನಗೆ ಮುಚ್ಚಲಿ ಎಂದೇ ಇರಬೇಕು, ಹೋಗಿ ಪ್ಲೇಟಿನ ಮೇಲೆ ಮುಳ್ಳು ಇಟ್ಟಳು. ಕಾರ್ಯಾಲಯದ ಗಾಜು ನಡುಗುವಂತೆ ಹಾಡು ಶುರುವಾಯಿತು.

ನಾನು ಮೇಜಿನ ಪಕ್ಕದಲ್ಲೇ ಇದ್ದೆ. ಪ್ಲೇಟಿನ ನಡುವಿನ ಚೀಟಿ ತಿರುಗುತ್ತಿತ್ತು. ಅರ್ಧ ಸುತ್ತಿಗೆ ಕಲ್ಲುಬಾಕ ಬಂತು, ಡುಬ್ಬ ಎತ್ತಿಕೊಂಡು. ಇನ್ನರ್ಧ ಸುತ್ತಿಗೆ ಹೊಟ್ಟೆ ಕೆಳಗೆ, ಕೊಕ್ಕೆ ಮೇಲೆ, ಟೀಚರಮ್ಮ ಕಲಿಸಿದ ಹಾಗೇ ‘ಈ’ ಬಂತು. ಮತ್ತೆ ಪ್ರಾಣಿ. ಮತ್ತೆ ‘ಈ’. ನಾನು ಸುಜಾತಾಳ ಸೆರಗು ಜಗ್ಗಿ ತೋರಿಸಿದೆ. ಅವಳು ಬಗ್ಗಿ ನೋಡಿದಳು.

“ಆಯಿ, ನಿಂದು ಬಂತು” ಎಂದಳು ಕಿವಿಯಲ್ಲಿ. “ಈಗ ನಂದು.”

“ಈಗ ನಂದು” ಎಂದೆ ನಾನು.

ನರಸಿಂಹಲುವೂ ಬಗ್ಗಿದ. ನೋಡಿದವನೇ ಮೈಕು ಕಿತ್ತುಕೊಂಡು, ತಾನು ಮೊದಲಿನಿಂದಲೂ ಯೋಚಿಸಿದ್ದೇ ಹೀಗೆ ಎಂಬಂತೆ ಮಂದಿಯನ್ನೆಲ್ಲ ಮುಂದಕ್ಕೆ ಕರೆದ. ಅವರು ಮೇಜಿನ ಸುತ್ತ ನೆರೆದು, ಜಾತ್ರೆಯ ತೊಟ್ಟಿಲು ನೋಡುವವರಂತೆ ಕತ್ತು ಆಡಿಸುತ್ತ, ನಿಂದು, ನಂದು ಎಂದು ಎಣಿಸತೊಡಗಿದರು.

ಒಂದು ಸುತ್ತಿನಲ್ಲಿ ನನ್ನ ಅಕ್ಷರ ನೆಟ್ಟಗೆ ನಿಲ್ಲುವುದು ಅರ್ಧ ಹೊತ್ತು ಮಾತ್ರ. ಈ ವಯಸ್ಸಿನಲ್ಲಿ ನಾನು ಅಷ್ಟೂ ನಿಲ್ಲುವುದಿಲ್ಲ. ಕುರ್ಚಿ ಎಳೆದುಕೊಂಡು ಕುಳಿತೆ.